ವರ್ಲೀನ್ ಪೆಟ್ರಾಶ್ ರೈಫಲ್ ಆರಿಸಿದ್ದು

ವರ್ಲೀನ್ ಪೆಟ್ರಾಶ್ ಬಟ್ಟೆ ಒಗೆಯುವ ಯಂತ್ರ ಕೊಳ್ಳಲು ಹೋದಾಗ ಮನೆಯಿಂದ ಒಂದು ಬುಟ್ಟಿ ಕೊಳೆ ಬಟ್ಟೆಯನ್ನೂ ಹೊತ್ತು ಹೋಗಿದ್ದಳು. ಮೊದಲು ಒಗೆದು ತೋರಿಸಿ, ಬೆಲೆ ಆಮೇಲೆ ಮಾತಾಡೋಣ ಎಂದಳು. ಅಂಗಡಿಯವನು ಒಗೆದೂ ತೋರಿಸಿದ. ಲವಾಕಾ ನದಿಯ ಆಸುಪಾಸಿನ ವ್ಯಾಪಾರಿಗಳಿಗೆಲ್ಲ ಅವಳ ಗುಣ ಗೊತ್ತು. ಬೇಗ ಎದ್ದು ಹೋಗುವ ಗಿರಾಕಿಯಲ್ಲ, ಬರಿಗೈಯಲ್ಲಿ ಹೋಗುವವಳೂ ಅಲ್ಲ. ಅವಳು ಬಾಗಿಲಲ್ಲಿ ಕಂಡರೆ ಕುರ್ಚಿ ಹಾಕಿ ಕಾಫಿಗಿಡುವುದೇ ಜಾಣತನ.

ಮೇ ತಿಂಗಳ ಒಂದು ಗುರುವಾರ ತಾನು ಓಡಿಸುವ ಶಾಲೆಯ ಹಳದಿ ಬಸ್ಸನ್ನು ನಿಲ್ಲಿಸಿ ಬಂದು, ಅವಳು ಡೆಲ್ಫಿನ್ ಕ್ರೆನೆಕ್‌ನ ಬಂದೂಕಿನಂಗಡಿಗೆ ನುಗ್ಗಿದಳು. ಕೆನ್ನೆ ಕೆಂಪಾಗಿತ್ತು.

"ಡೆಲ್ಫಿನ್, ತಾನೇ ಗುಂಡು ತುಂಬಿಕೊಳ್ಳೋ ರೈಫಲ್ ಬೇಕು ನಂಗೆ. ಇವತ್ತೇ ನೋಡ್ಬೇಕು."

ಡೆಲ್ಫಿನ್ ಕಾಫಿಗಿಟ್ಟ.

ಕಾರಣ ಊರಿಗೇ ಗೊತ್ತಿತ್ತು. ಕಾಡುಹಂದಿಗಳು ಅವಳ ಹುಲ್ಲಿನ ಹೊಲದ ರುಚಿ ಹತ್ತಿಸಿಕೊಂಡಿದ್ದವು. ಹೋದ ವರ್ಷ ಅವು ಬಗೆದ ಗುಂಡಿಗೆ ಇಳಿದು ಬಾಡಿಗೆಗೆ ಹುಲ್ಲು ಕೊಯ್ದುಕೊಡುವ ಹ್ಯೂಬರ್ಟನ ಯಂತ್ರದ ಅಚ್ಚು ಮುರಿದಿತ್ತು. ಈ ಸಲ ಸೋಮವಾರ ಬರುತ್ತೇನೆ, ಹೊಲದ ತುಂಬ ಗುಂಡಿ ಕಂಡರೆ ಗೇಟಿನಿಂದಲೇ ವಾಪಸ್ಸು ಎಂದು ಅವನು ಖಂಡಿತವಾಗಿ ಹೇಳಿದ್ದ. ಹುಲ್ಲು ಕೊಯ್ಯದಿದ್ದರೆ ಚಳಿಗಾಲಕ್ಕೆ ದನಗಳಿಗೆ ಮೇವಿಲ್ಲ, ದನಗಳನ್ನೇ ಮಾರಬೇಕು. ತೀರಿಹೋದ ಗಂಡ ಲಾಡಿಸ್ಲಾವ್ ಬಿಟ್ಟುಹೋದ ಹಳೆಯ ರೈಫಲ್ಲಿನಲ್ಲಿ ಒಂದೊಂದು ಗುಂಡು ಹೊಡೆದ ಮೇಲೂ ಬಲಗಡೆಯ ಹಿಡಿ ಎಳೆಯಬೇಕು. ವರ್ಲೀನ್ ಎಡಚಿ. ಕೈಯನ್ನು ಮೇಲಿನಿಂದ ಸುತ್ತಿ ಹಿಡಿ ಎಳೆಯುವಷ್ಟರಲ್ಲಿ ಒಂದು ಹಂದಿ ಬಿದ್ದಿರುತ್ತಿತ್ತು, ಉಳಿದವು ಪಕ್ಕದ ತಾಲ್ಲೂಕಿನಲ್ಲಿರುತ್ತಿದ್ದವು.

"ಇವುಗಳಲ್ಲಿ ಎಡಗೈ ಬಲಗೈ ಅನ್ನೋ ರಗಳೆನೇ ಇಲ್ಲ," ಎಂದ ಡೆಲ್ಫಿನ್. "ಟ್ರಿಗರ್ ಒತ್ತು, ಒಂದು ಗುಂಡು. ಮತ್ತೆ ಒತ್ತು, ಮತ್ತೊಂದು. ನಡುವೆ ಎಳೆಯೋದು ಗಿಳೆಯೋದು ಏನಿಲ್ಲ."

"ಆದ್ರೆ ಜಾತಿ ಎರಡು," ಎಂದು ಮೂಲೆಯಿಂದ ಯೂಜೀನ್ ಬಾರ್ಟೊಶ್ ಬಾಯಿ ಹಾಕಿದ. ಕೆಲಸದಿಂದ ನಿವೃತ್ತನಾದ ಮೇಲೆ ಅವನು ದಿನವೂ ಆ ಅಂಗಡಿಯಲ್ಲೇ ಕೂರುತ್ತಿದ್ದ. ಕೊಳ್ಳುವುದಕ್ಕಲ್ಲ, ಕೊಳ್ಳುವವರಿಗೆ ಬುದ್ಧಿ ಹೇಳುವುದಕ್ಕೆ. "ನನ್ನದು ನೋಡು. ಗುಂಡಿನ ಹಿಂದೆ ಉಳಿಯೋ ಹೊಗೆ ಸಣ್ಣ ಕೊಳವೆಲಿ ಸೀದಾ ಹಿಂದಕ್ಕೆ ಬಂದು ಮುಂದಿನ ಗುಂಡು ತುಂಬತ್ತೆ. ಹಗುರ. ಒದೆಯಲ್ಲ. ಹೇಳಿದ ಕಡೆ ಹೊಡೆಯತ್ತೆ."

"ಒಲೆ ಮುಂದೆ ಕೂತು ಹೊಗೆ ಕುಡಿಯೋ ಸಾಮಾನು ಅದು," ಎಂದ ಡೆಲ್ಫಿನ್. "ನಂದರಲ್ಲಿ ಹೊಗೆ ಮುಂದೇನೇ ನಿಂತು ಒಂದು ಸಲಾಕೆ ತಳ್ಳತ್ತೆ. ಮಿಕ್ಕ ಕೆಲಸ ಸಲಾಕೆದು. ಒಳಗೆಲ್ಲ ಚೊಕ್ಕಟ."

"ಜೊತೆಗೆ ಕರುವಿನಷ್ಟು ಭಾರ. ಹೊರೋಕೆ ಇನ್ನೊಬ್ಬ ಗಂಡನ್ನ ಹುಡುಕಬೇಕಾಗತ್ತೆ ಅವಳು."

"ನೀನಂತೂ ಅರ್ಜಿ ಹಾಕಬೇಡ ಕಣೋ ಯೂಜೀನ್," ಎಂದಳು ವರ್ಲೀನ್.

ಈ ಇಬ್ಬರ ಜಗಳಕ್ಕೆ ಇಪ್ಪತ್ತು ವರ್ಷ ತುಂಬಿತ್ತು. ಸಲಾಕೆಯ ರೈಫಲ್ಲಿಗೆ ಬೆಲೆ ಜಾಸ್ತಿ, ಆದ್ದರಿಂದ ಡೆಲ್ಫಿನ್‌ಗೆ ಅದರ ಮೇಲೆ ಭಕ್ತಿಯೂ ಜಾಸ್ತಿ ಎಂದು ಕೆಲವರು ಹೇಳುವುದುಂಟು. ವ್ಯಾಪಾರಿಯ ಭಕ್ತಿಯನ್ನು ಅಷ್ಟು ಕೆದಕಬಾರದು.

ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಕಾಗದದ ತಟ್ಟೆ ಸಿಕ್ಕಿಸಿ ಎರಡನ್ನೂ ಹೊಡೆದು ನೋಡಿದರು. ಯೂಜೀನನ ರೈಫಲ್ಲಿನಲ್ಲಿ ಅವಳ ಗುಂಡುಗಳೆಲ್ಲ ಅಂಗೈಯಗಲದ ಒಂದು ಕೊಲಾಚಿ ಬನ್ನಿನೊಳಗೆ ಹಿಡಿಸುವಷ್ಟು ಒತ್ತೊತ್ತಾಗಿ ಬಿದ್ದವು, ಡೆಲ್ಫಿನ್‌ನದರಲ್ಲಿ ಸ್ವಲ್ಪ ಚದುರಿದವು. ವರ್ಲೀನ್ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು. ಯೂಜೀನ್ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ.

"ಹಾಗಾದ್ರೆ ಇಂಥದ್ದೇ ಒಂದು ಕಟ್ಟಲಾ?" ಡೆಲ್ಫಿನ್ ಹುಳಿ ಮುಖದಲ್ಲಿ ಕೇಳಿದ.

"ತಡಿ. ತಟ್ಟೆ ಬಂದು ನನ್ನ ಹುಲ್ಲು ಬಗೆಯುತ್ತಾ? ಹಂದಿ ಮೇಲೆ ನೋಡ್ಬೇಕು."

ಕೊಳೆ ಬಟ್ಟೆಯ ಬುಟ್ಟಿ ಡೆಲ್ಫಿನ್‌ಗೆ ನೆನಪಾಯಿತು. ಅವನು ಒಪ್ಪಿದ.

ಅವಳ ಬೇಲಿಯಾಚೆ ನೆರೆಯವರ ಈಯಲಿರುವ ಕುದುರೆಗಳಿದ್ದವು. ಸದ್ದಾಗಬಾರದು, ನಳಿಗೆಯ ತುದಿಗೆ ಸೈಲೆನ್ಸರ್ ಬೇಕು. ಯೂಜೀನನ ಬಳಿ ಒಂದಿತ್ತು, ಅವನ ಹೆಸರಿಗೆ ನೋಂದಾಯಿಸಿದ್ದು. ಕಾನೂನಿನಂತೆ ಅದನ್ನು ಕೊಟ್ಟು ಮನೆಗೆ ಹೋಗುವ ಹಾಗಿಲ್ಲ, ಒಡೆಯ ಪಕ್ಕದಲ್ಲೇ ಇರಬೇಕು. ಯೂಜೀನ್ ಹೋಗುತ್ತಾನೆಂದ ಮೇಲೆ ಡೆಲ್ಫಿನ್ ಮನೆಯಲ್ಲಿ ಕೂರುತ್ತಾನೆಯೇ? ಶುಕ್ರವಾರ ಸಂಜೆ ಹಳೆಯ ಟ್ರೇಲರಿನ ಮರೆಯಲ್ಲಿ ಮೂವರೂ ಮೈಗೆ ಮೈ ಒತ್ತಿ ಕುಳಿತರು. ಗಂಡಸರು ಪಿಸುದನಿಯಲ್ಲೂ ಅದೇ ಜಗಳ ತೆಗೆದರು.

"ಬಸ್ಸಲ್ಲಿ ಹಿಂಗಾಡಿದ್ರೆ ಇಬ್ಬರನ್ನೂ ಬೇರೆ ಬೇರೆ ಸೀಟಲ್ಲಿ ಕೂರಿಸ್ತಿದ್ದೆ," ಎಂದು ವರ್ಲೀನ್ ಹಲ್ಲು ಕಡಿದಳು.

ಹೊತ್ತು ಮುಳುಗುವ ಮುಂಚೆ ಹಳ್ಳದ ಪೊದೆ ಅಲುಗಿತು. ಮೊದಲು ಒಂದು ಮುದಿ ಹೆಣ್ಣುಹಂದಿ, ಹಿಂದೆ ದೊಡ್ಡ ಹಿಂಡು. ಯೂಜೀನನ ಹಗುರ ರೈಫಲ್ ವರ್ಲೀನಳ ಎಡಭುಜಕ್ಕೇರಿತು. ಮೊದಲ ಗುಂಡು ತಾಗಿ ಮುದಿ ಹೆಣ್ಣು ಉರುಳಿತು. ಎರಡನೆಯದಕ್ಕೆ ಅವಳ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಮೂರನೆಯದು ಓಕ್ ಮರಕ್ಕೆ ಹೋಯಿತು. ಕಣ್ಣೊರೆಸಿ ನೋಡಿದರೆ ಹೊಲ ಖಾಲಿ.

"ಗಾಳಿ ಎದುರಿಗಿತ್ತು," ಎಂದ ಯೂಜೀನ್.

"ಗಾಳಿನೇ ಇಲ್ಲ," ಎಂದ ಡೆಲ್ಫಿನ್, ಹಲ್ಲೆಲ್ಲ ತೋರಿಸುತ್ತ.

ವರ್ಲೀನ್ ರೈಫಲ್ ಬರಿದು ಮಾಡಿ ಯೂಜೀನನ ಕೈಗಿಟ್ಟಳು. "ಹಿಡ್ಕೋ, ಹೊಡೆಯೋ ಹಾಗೆ." ಅವನು ಬಲಭುಜಕ್ಕೇರಿಸಿದ. "ಖಾಲಿ ತೋಟೆ ಹೊರಬೀಳೋ ಕಿಂಡಿ ಬಲಗಡೆ. ನಿನ್ನ ಮುಖ ಎಡಗಡೆ. ಈಗ ನಾನು." ಎಡಭುಜಕ್ಕೇರಿಸಿದಳು. ಅವಳ ಮೂಗು ಕಿಂಡಿಯ ಹಿಂದೆಯೇ ಬಂತು. "ನಿನ್ನೆ ತಟ್ಟೆಗೆ ಹೊಡೆದಾಗ ಸೈಲೆನ್ಸರ್ ಇರ್ಲಿಲ್ಲ. ಅದು ಮುಂದೆ ದಾರಿ ಕಟ್ಟಿದ ಕೂಡ್ಲೆ ಹೊಗೆಯೆಲ್ಲ ಇಲ್ಲಿಂದ ನನ್ನ ಕಣ್ಣಿಗೇ ಬರತ್ತೆ."

ಗಂಡಸರಿಬ್ಬರೂ ಬಲಗೈಯವರು. ಇಪ್ಪತ್ತು ವರ್ಷದಲ್ಲಿ ಒಬ್ಬರಾದರೂ ಮುಖವನ್ನು ಆ ಕಡೆಗಿಟ್ಟು ನೋಡಿರಲಿಲ್ಲ.

"ಹೊಗೆ ಮುಂದೇನೇ ನಿಲ್ಲತ್ತೆ ಅಂದಿದ್ಯಲ್ಲ ಡೆಲ್ಫಿನ್? ನಾಳೆ ನೋಡೋಣ. ಇದೇ ಜಾಗ, ಇದೇ ಸೈಲೆನ್ಸರ್."

ಶನಿವಾರ ಹಂದಿಗಳು ಬಾರದೆ ಆಟವಾಡಿಸಿದವು. ಬೆಳಕು ಸೋರಿಹೋಗುತ್ತಿತ್ತು. ಇವತ್ತು ತಪ್ಪಿದರೆ ನಾಳೆಯೊಳಗೆ ಹೊಲ ಉತ್ತಂತಾಗುತ್ತದೆ ಎಂದು ಅವಳು ಹಳ್ಳದ ಪೊದೆಯಿಂದ ಕಣ್ಣು ಕೀಳಲಿಲ್ಲ. ಕೊನೆಗೂ ಬಂದವು, ಬಂದದ್ದೇ ಮೂತಿ ಊರಿ ಬಗೆಯತೊಡಗಿದವು. ಭಾರದ ರೈಫಲ್ಲನ್ನು ಟ್ರೇಲರಿನ ಅಂಚಿಗೆ ಆನಿಸಿ ವರ್ಲೀನ್ ಒತ್ತಿದಳು. ಒಂದು ಬಿತ್ತು. ಮತ್ತೆ ಒತ್ತಿದಳು, ಇನ್ನೊಂದು. ಕಮಟು ವಾಸನೆ ಮೂಗಿಗೆ ತಾಗಿತೇ ಹೊರತು ಕಣ್ಣು ಉರಿಯಲಿಲ್ಲ. ಓಡುತ್ತಿದ್ದ ಮೂರನೆಯದೂ ಮುಗ್ಗರಿಸಿತು, ನಾಲ್ಕನೆಯದು ಹಳ್ಳದ ದಂಡೆಯಲ್ಲಿ. ಉಳಿದವು ನೀರಿಗೆ ಬಿದ್ದು, ಆಚೆ ದಡ ಹತ್ತಿ, ಕಾಣುವಷ್ಟು ದೂರವೂ ಓಡುತ್ತಲೇ ಇದ್ದವು.

"ನೋಡಿದ್ರಾ! ನೋಡಿದ್ರಾ!" ಎಂದು ಅವಳು ಇಬ್ಬರ ಬೆನ್ನಿಗೂ ಗುದ್ದಿದಳು.

"ನಾನು ಹೇಳಲಿಲ್ವಾ, ಒಳಗೆ ಚೊಕ್ಕಟ ಅಂತ," ಎಂದ ಡೆಲ್ಫಿನ್.

"ಒಳಗೆ ಏನಾದ್ರೂ ಇರ್ಲಿ. ತೋಳು ಬಿದ್ದುಹೋಯ್ತು ನಂದು, ತಟ್ಟೆಲೂ ಚದುರತ್ತೆ. ಎರಡಕ್ಕೂ ಸೇರಿಸಿ ಬೆಲೆ ಇಳಿಸು."

"ವರ್ಲೀನ್, ಈಗ ತಾನೇ ನಾಲ್ಕು ಹಂದಿ ಹೊಡೆದೆ ಅದರಲ್ಲಿ!"

"ಅದು ನನ್ನ ಗುರಿ. ರೈಫಲ್ ಮಾತಾಡು."

ಯೂಜೀನ್ ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕ. ಡೆಲ್ಫಿನ್ ಇಳಿಸಿದ, ಎಷ್ಟು ಇಳಿಸಿದನೆಂದು ಅವನಾಗಲಿ ವರ್ಲೀನ್ ಆಗಲಿ ಯಾರಿಗೂ ಹೇಳಿಲ್ಲ.

ಭಾನುವಾರ ಅವಳು ಸಲಿಕೆ ಹಿಡಿದು, ಬಗೆದಿದ್ದ ನಾಲ್ಕಾರು ಗುಂಡಿ ಮುಚ್ಚಿ ತುಳಿದಳು. ಸೋಮವಾರ ಮಧ್ಯಾಹ್ನ ಮಕ್ಕಳನ್ನು ತುಂಬಿಕೊಂಡು ಹೊಲದ ಪಕ್ಕ ಬಂದಾಗ ಬಸ್ಸು ತಾನಾಗಿಯೇ ನಿಧಾನವಾಯಿತು. ಗೇಟು ತೆರೆದಿತ್ತು. ಹ್ಯೂಬರ್ಟನ ಯಂತ್ರ ಎಲ್ಲೂ ಕುಲುಕದೆ ಹೊಲದ ನಡುವೆ ಸಾಗುತ್ತಿತ್ತು, ಹಿಂದೆ ಹುಲ್ಲು ಸಾಲುಸಾಲಾಗಿ ಮಲಗುತ್ತಿತ್ತು. ವರ್ಲೀನ್ ಉದ್ದಕ್ಕೆ ಹಾರ್ನ್ ಒತ್ತಿದಳು. ಯಾಕೆಂದು ತಿಳಿಯದಿದ್ದರೂ ಬಸ್ಸಿನ ಮಕ್ಕಳೆಲ್ಲ ಕಿಟಕಿಯಿಂದ ಕೈ ಹೊರಚಾಚಿ ಕೇಕೆ ಹೊಡೆದವು.