ಮುಳ್ಳು ತೆಗೆಯುವ ಶೇಖವ್ವ

ಹೊಂಬಳದಲ್ಲಿ ಯಾರ ಕಾಲಿಗೆ ಜಾಲಿಮುಳ್ಳು ನೆಟ್ಟರೂ ಅವರು ಕುಂಟುತ್ತ ಶೇಖವ್ವನ ಕಟ್ಟೆಗೇ ಬರಬೇಕು. ಅವಳ ಸೂಜಿ ಕಂಡರೆ ಹೋರಿಯ ಕೊಂಬು ಹಿಡಿಯುವವನೂ ಕಾಲು ಎಳೆದುಕೊಳ್ಳುತ್ತಾನೆ. ಎಳೆದರೆ ಮುಳ್ಳು ಒಳಗೇ ಮುರಿದು ಕೀವಾಗುತ್ತದೆ. ಅದಕ್ಕೇ ಅವಳು ಸೂಜಿಯನ್ನು ಬಂದವನ ಕೈಗೇ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಡುತ್ತಾಳೆ. “ಚುಚ್ಚಾಂವ ನೀನ, ನಿಲ್ಸಾಂವನೂ ನೀನ. ನಾ ಬರೇ ದಾರಿ ತೋರಸ್ತೀನಿ.” ಟ್ರ್ಯಾಕ್ಟರ್ ಹೊಡೆಯುವ ವೀರು, “ತಡಿ ಬೇ ಯವ್ವಾ, ಧೈರ್ಯ ಬರ್ಲಿ,” ಎಂದು ಗೋಗರೆದರೆ, “ಬರ್ಲಿ ತಗೋ ನನ್ನ ಹುಲಿ, ನನಗೇನ್ ಬಸ್ ತಪ್ಪತೈತಿ?” ಎನ್ನುತ್ತಾಳೆ. ಕಡೆಗೆ ಅವನ ಕಾಲು ಕಲ್ಲಿನಂತೆ ನಿಲ್ಲುತ್ತದೆ, ಮುಳ್ಳು ಇಡಿಯಾಗಿ ಹೊರಬರುತ್ತದೆ. ಯಾರಿಗೇ ಆಗಲಿ ತಮ್ಮ ಕೈ ಹೇಳಿ ಬರುತ್ತದೆ, ಮಂದಿಯ ಕೈ ಹೇಳದೆ ಬರುತ್ತದೆ ಎಂಬುದನ್ನು ಅವಳಿಗೆ ಕಲಿಸಿದ್ದು ಸತ್ತುಹೋದ ಗಂಡನ ಹೊಡೆತ. ಅವನು ಹೋಗಿ ಹತ್ತು ವರ್ಷವಾದರೂ, ಪಕ್ಕದಲ್ಲಿ ಯಾರಾದರೂ ಥಟ್ಟನೆ ತೋಳೆತ್ತಿದರೆ ಅವಳ ಮೊಣಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತಿತ್ತು. ಸೊಸೆ ಶಿವರಂಜನಿ ಒಂದು ದಿನ ಅದನ್ನು ನೋಡಿದಳು. ಅಂದಿನಿಂದ ಅಡಿಗೆಮನೆಯಲ್ಲಿ, “ಅತ್ತಿ, ಮ್ಯಾಲಿನ ಡಬ್ಬಿ ತಗೀತೀನ್ರಿ,” ಎಂದು ಹೇಳಿಯೇ ಕೈ ಎತ್ತುತ್ತಾಳೆ. ಒಲೆಯ ಮುಂದೆ ಶೇಖವ್ವ ರೊಟ್ಟಿ ಬಡಿಯುತ್ತಲೇ ಇರುತ್ತಾಳೆ, ತಾಳ ತಪ್ಪುವುದಿಲ್ಲ.