ನೆಲಕ್ಕಿಟ್ಟ ಚಾಕು

ಇಂಡಿಯಲ್ಲಿ ನಮ್ಮ ತವರು ಮನೆತನವನ್ನು ಅರಿಯದವರಿಲ್ಲ. ತಲೆಮಾರುಗಳಿಂದ ನಿಂಬೆ ತೋಟ ಮಾಡಿಕೊಂಡು ಬಂದವರು. ಪೊಲೀಸರು ನಮ್ಮ ಬಾಗಿಲಿಗೆ ಬಂದದ್ದು ಚಹಾ ಕುಡಿಯಲು ಮಾತ್ರ.

ಅಪ್ಪ ತೀರಿಕೊಂಡ ಮೇಲೆ ನಾನು ಕೇಳಿ ಪಡೆದದ್ದು ಅವರ ಚಾಕು ಒಂದೇ. ಮಡಚುವ ಚಾಕುವಲ್ಲ, ಜಾಲಿಯ ಹಿಡಿ, ತೊಗಲಿನ ಒರೆ. ಅದರಿಂದ ಅವರು ನಿಂಬೆಯ ಒಣ ಟೊಂಗೆ ಸವರುತ್ತಿದ್ದರು. ಕಾನ್ವೆಂಟಿನಿಂದ ರಜೆಗೆ ಬಂದ ನನಗೆ ಬೇವಿನ ಕಡ್ಡಿ ಕೆತ್ತಿಕೊಡುತ್ತಿದ್ದರು. ಆ ಹಸಿ ಬೇವಿನ ವಾಸನೆಗೆ ಜೀವ ಇನ್ನೂ ಹಾತೊರೆಯುತ್ತದೆ.

ಗಂಡನ ಊರು ಬಾಗೇವಾಡಿಗೆ ಮರಳುವಾಗ ದಾರಿಯ ಬಸ್ ನಿಲ್ದಾಣವೊಂದರಲ್ಲಿ ಕಾವಲುಗಾರ ನನ್ನ ಚೀಲ ನೋಡಿದ.

"ಅಕ್ಕಾರ, ಚಾಕು ಐತಲ್ರಿ. ಇಲ್ಲಿ ಕೊಡ್ರಿ."

ನಾನು ನೆಲದ ಮೇಲಿಟ್ಟೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ಯಾರೂ ಹಾಗೆ ಕೊಡುವುದಿಲ್ಲ.

"ನಾ ಏನ್ ನಾಯಿ ಏನ್ರಿ, ನೆಲಕ್ಕ ಇಡಾಕ?"

"ಜಗಳ ಬ್ಯಾಡಂತ ಇಟ್ಟೇನಿ."

"ಈಗ ಆಗಾಕತ್ತೈತಲ್ರಿ," ಎಂದವನೇ, ತೆಗೆದುಕೊಂಡು ಹೋಗಿರೆಂದು ಚಾಕುವನ್ನು ಬೂಟಿನಿಂದ ನನ್ನತ್ತ ತಳ್ಳಿದ. ಮಹಾನವಮಿಗೆ ಅಪ್ಪ ಕುಂಕುಮವಿಟ್ಟು ಕೈಮುಗಿಯುತ್ತಿದ್ದ ಚಾಕು ಅದು.

ಸೆರಗಿನಿಂದ ಒರೆಸಿಕೊಂಡು ಬಂದೆ. ಈಗ ಅದನ್ನು ಹಿಡಿದರೆ ಅಪ್ಪನ ಕೈಗಿಂತ ಮೊದಲು ಆ ಬೂಟು ನೆನಪಾಗುತ್ತದೆ. ಆತ ಕ್ಷಮೆ ಕೇಳಬೇಕು.