ಕೆರೆ ಕಾಯ್ದ ಕೃಷ್ಣಾಜಿ

ಕೃಷ್ಣಾಜಿ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಗುಡದಪ್ಪ ಅವರ ಬೂದಿಯ ಮಡಕೆ ಹಿಡಿದು ಅಂಗಳದಲ್ಲಿ ನಿಂತಿದ್ದ. ಮಕ್ಕಳಿಲ್ಲದ ಅವರಿಗೆ ಕೊಳ್ಳಿ ಇಟ್ಟವನೂ ಅವನೇ. ಬಾಜುವಿನಲ್ಲಿ ಅಲ್ಲಾವುದ್ದೀನ. ಇಬ್ಬರೂ ಅಣ್ಣಿಗೇರಿಯ ಹತ್ತಿ ಮಿಲ್ಲಿನಲ್ಲಿ ಕೃಷ್ಣಾಜಿಯ ಕೈಕೆಳಗೆ ದುಡಿದವರು.

“ಬಾಯಾರ, ಎಲ್ಲಾರೂ ಕೂಡಿ ಮಾತಾಡೇವ್ರಿ,” ಅಂದ ಗುಡದಪ್ಪ. “ಸಾಹೇಬ್ರನ್ನ ನಮ್ಮ ಕೆರಿಯಾಗ ಬಿಡೂಣು. ಇಷ್ಟು ವರ್ಷ ಕಾಯ್ದ ಕೆರಿ. ಅಲ್ಲೇ ಇರ್ಲಿ.”

ಕೃಷ್ಣಾಜಿಯ ಹೆಂಡತಿ ತುಳಸಾಬಾಯಿ ಕೆರೆಯ ಕಡೆ ತಿರುಗಿದಳು. ಗಂಡ ಕೂರುತ್ತಿದ್ದ ಮನೆಯ ಕಟ್ಟೆಯಿಂದ ಕೆರೆ ಕಾಣುತ್ತಿತ್ತು. ಅಲ್ಲಿ ಬಿಟ್ಟರೆ ದಿನಾ ಎದ್ದು ನೋಡಬಹುದು. ಅವಳಿಗೂ ಅದು ಬೇಕಾಗಿತ್ತು. ಬಹಳ ಬೇಕಾಗಿತ್ತು.

ಊರಲ್ಲಿ ಬೋರು ಹೊಡೆದರೆ ಸವಳು ನೀರು. ಕುಡಿಯಲಿಕ್ಕೆ ಆ ಕೆರೆಯೊಂದೇ. ಮಿಲ್ಲು ಬಿಟ್ಟ ಮೇಲೆ ಕೃಷ್ಣಾಜಿ, ಯಾರೂ ನೀರಿಗೆ ಕಾಲಿಡದ ಹಾಗೆ, ಕೋಲು ಹಿಡಿದು ಅದರ ಮೆಟ್ಟಿಲ ಮೇಲೆ ಕೂತರು. ಕೂಡು ಅಂತ ಯಾರೂ ಹೇಳಿರಲಿಲ್ಲ, ಏಳು ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಪಂಚಾಯಿತಿ ಮೆಂಬರನ ಚಪ್ಪಲಿಯನ್ನೂ ದಂಡೆಯ ಮೇಲೇ ಬಿಡಿಸಿದ್ದರು. ಒಮ್ಮೆ ಕೊಡ ತುಂಬುವಾಗ ತುಳಸಾಬಾಯಿಯ ಕಾಲೇ ನೀರಿಗೆ ತಾಗಿತು. ಎಲ್ಲರೆದುರು ಕೂಗಿದರು: “ಹೇಂತಿ ಆದ್ರೇನು, ಕಾಲು ಕಾಲಽ. ಮ್ಯಾಲೆ ಬಾ!” ಎರಡು ದಿನ ಅವಳು ಮಾತು ಬಿಟ್ಟಳು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಮಿಲ್ಲಿನಲ್ಲೂ ಅದೇ ಬಾಯಿ. ಹತ್ತಿ ಹಾರುವಲ್ಲಿ ಬೀಡಿ ಸೇದಬಾರದು ಅಂತ ಮೊದಲು ತಾವೇ ಬೀಡಿ ಬಿಟ್ಟರು, ಆಮೇಲೆ ಉಳಿದವರ ಕಡ್ಡಿಪೆಟ್ಟಿಗೆ ಕಸಿದರು. ರಂಜಾನಿನಲ್ಲಿ ಅಲ್ಲಾವುದ್ದೀನ ರೋಜಾ ಬಿಡುವ ಹೊತ್ತಿಗೆ ಅವನ ಮಷೀನಿನ ಮುಂದೆ ತಾವು ನಿಲ್ಲುತ್ತಿದ್ದರು.

ಆ ಅಲ್ಲಾವುದ್ದೀನನೇ ಈಗ ಅಂದ, “ಸಾಹೇಬ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದಿ ಯಾವುದೈತ್ರಿ?”

“ನೀ ಆ ನೀರು ಕುಡೀತಿಯೋ ಇಲ್ಲೋ?” ಅಂದಳು ತುಳಸಾಬಾಯಿ.

“ಕುಡೀತೀನ್ರಿ.”

“ನಿನ್ನ ಮಮ್ಮಗಳು?”

“ಅಕೀನೂ ಕುಡೀತಾಳ್ರಿ.”

“ಮತ್ತ ಅದರಾಗ ಹೆಣದ ಬೂದಿ ಹಾಕ್ತೀರೇನು? ಅವರಿದ್ದಿದ್ರ ನಿಮ್ಮ ಕಾಲು ಮುರೀತಿದ್ರು.”

ಗುಡದಪ್ಪ ತಲೆ ಕೆರೆದುಕೊಂಡ. “ಒಂದು ಹಿಡಿಯಾದ್ರೂ, ಬಾಯಾರ. ಶಾಸ್ತ್ರಕ್ಕ.”

“ಒಂದು ಚಿಟಿಕಿನೂ ಬ್ಯಾಡ. ಬೆಣ್ಣಿಹಳ್ಳಕ್ಕ ಹೋಗೂಣು ನಡೀರಿ. ನಮ್ಮೂರಾಗ ಆ ನೀರು ಯಾರೂ ಕುಡಿಯಂಗಿಲ್ಲ.”

“ಹೆಣ್ಮಕ್ಕಳು ಹಳ್ಳಕ್ಕ ಬರೂದು...”

“ನಾ ಬರಾಕಿ.”

ಟೆಂಪೋದಲ್ಲಿ ಮಡಕೆಯನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡಳು. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಬೂದಿ ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು, ಆಮೇಲೆ ಹೋಯಿತು. ಇನ್ನು ನೋಡಲಿಕ್ಕೆ ಏನೂ ಇರಲಿಲ್ಲ. ಆಗ ಅವಳು ಅತ್ತಳು.

ಹಳ್ಳದ ಎರೆಮಣ್ಣು ಮೂವರ ಕಾಲಿಗೂ ಮೆತ್ತಿತ್ತು. ಊರು ಬಂದಾಗ ಟೆಂಪೋ ಕೆರೆಯ ಹತ್ತಿರ ನಿಂತಿತು. ಗುಡದಪ್ಪ ಏನೋ ಯೋಚಿಸುತ್ತ ಮೆಟ್ಟಿಲಿಳಿದು ನೀರಿಗೆ ಕಾಲು ಚಾಚಿದ.

“ಏ ಗುಡದಪ್ಪಾ! ಕಾಲು!” ತುಳಸಾಬಾಯಿ ದಂಡೆಯ ಮೇಲಿಂದ ಕೂಗಿದಳು.

ಅವನು ಒಂಟಿಗಾಲಲ್ಲಿ ನಿಂತುಬಿಟ್ಟ. ಕೊಡ ತುಂಬುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

“ಮಿಲ್ಲಿನಾಗೂ ಸಾಹೇಬ್ರು ನಿನಗ ಹಿಂಗಽ ಬೈತಿದ್ರಲೇ,” ಅಂದ ಅಲ್ಲಾವುದ್ದೀನ. ನಗಲಿಕ್ಕೆ ಹೋಗಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ತುಳಸಾಬಾಯಿ ನಗಲಿಲ್ಲ. “ಮನಿಗೆ ಬರ್ರಿ,” ಅಂದಳು. “ಅಲ್ಲಿ ನೀರು ಕೊಡ್ತೀನಿ, ತೊಳಕೊಳ್ರಿ.”